ಆಲಿಸ್ ಸಿನಿಮಾಗಳಲ್ಲಿ ಯಾವುದು ಪುಸ್ತಕದ ಹಾಗಿದೆ? ಎಲ್ಲರೂ ಕೇಳುವ ಪ್ರಶ್ನೆಗೆ ನನ್ನ ಉತ್ತರ

ಮಕ್ಕಳ ಪುಸ್ತಕಗಳ ಬಗ್ಗೆ ಬರೆಯುತ್ತೇನೆ ಅಂತ ಗೊತ್ತಾದ ಕೂಡಲೇ ಜನ ನನ್ನನ್ನು ಕೇಳುವುದು ಇದೊಂದೇ ಪ್ರಶ್ನೆ. ‘ಆಲಿಸ್ ಇನ್ ವಂಡರ್‌ಲ್ಯಾಂಡ್’ ಕಥೆಯ ಮೇಲೆ ಅಷ್ಟೊಂದು ಸಿನಿಮಾ ಬಂದಿವೆಯಲ್ಲ, ಅದರಲ್ಲಿ ಯಾವುದು ಪುಸ್ತಕದ ಹಾಗೇ ಇದೆ? ಕೆಲವರು ಮಗುವಿಗೆ ತೋರಿಸಬೇಕು ಅಂತ ಕೇಳುತ್ತಾರೆ. ಇನ್ನು ಕೆಲವರು ಯಾವುದೋ ಒಂದನ್ನು ನೋಡಿ ಬೇಜಾರಾಗಿ, "ಪುಸ್ತಕವೂ ಇಷ್ಟೇನಾ?" ಅಂತ ಕೇಳುತ್ತಾರೆ. ಈ ಎರಡನೆಯವರ ಮಾತು ಕೇಳಿದರೆ ನನಗೆ ಸಂಕಟವಾಗುತ್ತದೆ. ಅದಕ್ಕೇ ಈ ಸಲ ಪೂರ್ತಿ ಉತ್ತರ ಬರೆದುಬಿಡೋಣ ಅಂತ ಕೂತಿದ್ದೇನೆ.

ಕಥೆ ಮರೆತವರಿಗೆ ಎರಡು ಮಾತು. ಸೆಖೆಯ ಒಂದು ದಿನ ಆಲಿಸ್ ಎಂಬ ಪುಟ್ಟ ಹುಡುಗಿ ನದಿ ದಂಡೆಯಲ್ಲಿ ಅಕ್ಕನ ಪಕ್ಕ ಸುಮ್ನೆ ಕೂತಿರುತ್ತಾಳೆ. ಒಂದು ಬಿಳಿ ಮೊಲ ಜೇಬಿನಿಂದ ಗಡಿಯಾರ ತೆಗೆದು ನೋಡಿಕೊಂಡು, ತಡವಾಯಿತು ಅಂತ ಗೊಣಗುತ್ತಾ ಓಡುತ್ತದೆ. ಇವಳು ಅದರ ಹಿಂದೆಯೇ ಬಿಲಕ್ಕೆ ಇಳಿಯುತ್ತಾಳೆ. ಅಲ್ಲಿ ಏನು ತಿಂದರೂ ಏನು ಕುಡಿದರೂ ಮೈ ದೊಡ್ಡದಾಗುತ್ತದೆ ಇಲ್ಲವೇ ಚಿಕ್ಕದಾಗುತ್ತದೆ. ಸಿಕ್ಕವರೆಲ್ಲ ಅವಳ ಜೊತೆ ವಾದ ಮಾಡುತ್ತಾರೆ. ಕೊನೆಗೆ ಇಸ್ಪೀಟಿನ ರಾಜ ರಾಣಿಯರ ಕೋರ್ಟಿನಲ್ಲಿ, ನೀವೆಲ್ಲ ಬರೀ ಇಸ್ಪೀಟೆಲೆಗಳು ಅಂತ ಅವಳು ಕೂಗಿದಾಗ ಎಲೆಗಳು ಮೇಲೆದ್ದು ಅವಳ ಮೇಲೆ ಬೀಳುತ್ತವೆ, ಎಚ್ಚರವಾಗುತ್ತದೆ. ಇದೇ ಕಥೆ. ಇದರಲ್ಲಿ ಖಳನನ್ನು ಸೋಲಿಸುವುದಿಲ್ಲ, ನಿಧಿ ಹುಡುಕುವುದಿಲ್ಲ, ಯಾರನ್ನೂ ಕಾಪಾಡುವುದಿಲ್ಲ. ಸಿನಿಮಾ ಮಾಡುವವರಿಗೆ ತಲೆನೋವು ಶುರುವಾಗುವುದೇ ಇಲ್ಲಿ.

ಈಗ ‘ಪುಸ್ತಕದ ಹಾಗೇ’ ಅನ್ನುವ ಮಾತನ್ನು ಸ್ವಲ್ಪ ಬಿಡಿಸಿ ನೋಡೋಣ. ಯಾವುದರ ಹಾಗೆ? ಜಾಸ್ತಿ ಜನರ ಮನಸ್ಸಿನಲ್ಲಿ ಆಲಿಸ್ ಅಂದರೆ ನೀಲಿ ಫ್ರಾಕು, ಬಿಳಿ ಏಪ್ರನ್, ಹೊಂಬಣ್ಣದ ಉದ್ದ ಕೂದಲು. ಪುಸ್ತಕದ ಮಾತುಗಳಲ್ಲಿ ನೀಲಿ ಫ್ರಾಕೇ ಇಲ್ಲ. ಅವಳ ರೂಪವನ್ನು ಪುಸ್ತಕ ಬರೆದ ಲೂಯಿಸ್ ಕ್ಯಾರಲ್ ಬಣ್ಣಿಸಿದ್ದು ತೀರಾ ಕಡಿಮೆ. ತನ್ನ ಕೂದಲು ಗುಂಗುರಲ್ಲ ಅಂತ ಅವಳೇ ಒಂದು ಕಡೆ ಹೇಳಿಕೊಳ್ಳುತ್ತಾಳೆ, ಕೂದಲು ಕತ್ತರಿಸಬೇಕು ಅಂತ ಟೋಪಿಯವ ಎಂಬ ಪಾತ್ರ ಇನ್ನೊಂದು ಕಡೆ ಹೇಳುತ್ತದೆ. ಉಳಿದದ್ದೆಲ್ಲ ಜಾನ್ ಟೆನಿಯಲ್ ಬರೆದ 42 ಚಿತ್ರಗಳಿಂದ ಬಂದದ್ದು, ಅವೂ ಕಪ್ಪು ಬಿಳುಪು. ಪುಟ್ಟ ಮಕ್ಕಳಿಗೆಂದು 1890ರಲ್ಲಿ ಆ ಚಿತ್ರಗಳಿಗೆ ಬಣ್ಣ ಹಾಕಿ ಒಂದು ಪುಸ್ತಕ ತಂದಾಗ ಆಲಿಸ್ ಹಾಕಿಕೊಂಡಿದ್ದು ಹಳದಿ ಫ್ರಾಕು. ‘ಹುಚ್ಚು ಟೋಪಿಯವ’ ಎಂಬ ಹೆಸರೂ ಹಾಗೆಯೇ. ಪುಸ್ತಕ ಅವನನ್ನು ಹುಚ್ಚ ಅನ್ನುತ್ತದೆ, ಆದರೆ ಹೆಸರು ಬರೀ ಟೋಪಿಯವ. ಹಾಗಾಗಿ ವೇಷಭೂಷಣ ನೋಡಿ ‘ಪುಸ್ತಕದ ಹಾಗೇ ಇದೆ’ ಅನ್ನುವುದು ಟೆನಿಯಲ್‌ಗೆ ಕೊಟ್ಟ ಮೆಚ್ಚುಗೆ, ಕ್ಯಾರಲ್‌ಗೆ ಅಲ್ಲ.

ಬಿಟ್ಟ ದೃಶ್ಯಗಳನ್ನು ಎಣಿಸುವುದೂ ಸರಿಯಾದ ಅಳತೆಯಲ್ಲ. ಕಥೆ ಹುಟ್ಟಿದ ರೀತಿ ನೋಡಿ. 1862ರ ಜುಲೈ 4ರಂದು ಆಕ್ಸ್‌ಫರ್ಡ್‌ನಲ್ಲಿ ಗಣಿತ ಕಲಿಸುತ್ತಿದ್ದ ಚಾರ್ಲ್ಸ್ ಡಾಡ್ಸನ್, ತನ್ನ ಕಾಲೇಜಿನ ಡೀನರ ಮೂವರು ಹೆಣ್ಣುಮಕ್ಕಳನ್ನು ಒಬ್ಬ ಗೆಳೆಯನ ಜೊತೆ ದೋಣಿಯಲ್ಲಿ ಕರೆದುಕೊಂಡು ಹೋದರು. ಹುಟ್ಟು ಹಾಕುತ್ತಾ ಹೇಳಿದ ಕಥೆ ಇದು. ನಡುವಿನವಳು, ಹತ್ತು ವರ್ಷದ ಆಲಿಸ್ ಲಿಡೆಲ್, ಬರೆದುಕೊಡಿ ಅಂದಳು. ಕೈಯಲ್ಲೇ ಬರೆದು, 37 ಚಿತ್ರಗಳನ್ನೂ ತಾವೇ ಬಿಡಿಸಿ, 1864ರ ನವೆಂಬರಿನಲ್ಲಿ ಅವಳಿಗೆ ಕೊಟ್ಟರು. ಲೂಯಿಸ್ ಕ್ಯಾರಲ್ ಅನ್ನುವುದು ಅವರ ಬರಹದ ಹೆಸರು. ಆ ಕೈಬರಹದ ಪುಸ್ತಕದಲ್ಲಿ ಚಹಾಕೂಟವೇ ಇಲ್ಲ. ನಗುವ ಚೆಷೈರ್ ಬೆಕ್ಕೂ ಇಲ್ಲ. ಅವೆಲ್ಲ 1865ರಲ್ಲಿ ಅಚ್ಚಾಗುವ ಹೊತ್ತಿಗೆ ಸೇರಿದವು. ಅಂದರೆ ಕಥೆಯನ್ನು ಮೊದಲು ಬದಲಾಯಿಸಿದವರು ಬರೆದವರೇ. 1886ರಲ್ಲಿ ಹೆನ್ರಿ ಸ್ಯಾವಿಲ್ ಕ್ಲಾರ್ಕ್ ಇದನ್ನು ಹಾಡುಗಳಿರುವ ನಾಟಕ ಮಾಡಿ ಲಂಡನ್ನಿನಲ್ಲಿ ಆಡಿಸಿದಾಗ, ಕ್ಯಾರಲ್ ಒಪ್ಪಿಗೆ ಕೊಟ್ಟಿದ್ದಷ್ಟೇ ಅಲ್ಲ, ಪುಸ್ತಕದಲ್ಲಿಲ್ಲದ ಹೊಸ ಸಾಲುಗಳನ್ನೂ ಬರೆದುಕೊಟ್ಟರು. ಆಲಿಸ್‌ನ ಎರಡನೆಯ ಪುಸ್ತಕ ‘ಥ್ರೂ ದ ಲುಕಿಂಗ್ ಗ್ಲಾಸ್’ನಲ್ಲಿ ವಾಲ್ರಸ್ ಎಂಬ ಕಡಲ ಪ್ರಾಣಿ ಮತ್ತು ಬಡಗಿ ಸೇರಿ ಸಿಂಪಿಗಳನ್ನು ತಿಂದು ಮುಗಿಸುತ್ತಾರಲ್ಲ, ನಾಟಕದಲ್ಲಿ ಆ ಸಿಂಪಿಗಳ ದೆವ್ವಗಳು ಬಂದು ಸೇಡು ತೀರಿಸಿಕೊಳ್ಳುತ್ತವೆ!

ನಮ್ಮ ನಾ. ಕಸ್ತೂರಿಯವರು ಇದೇ ಕಥೆಯನ್ನು ‘ಪಾತಾಳದಲ್ಲಿ ಪಾಪಚ್ಚಿ’ ಅಂತ ಕನ್ನಡಕ್ಕೆ ತಂದರು. ಆಲಿಸ್ ಪಾಪಚ್ಚಿ ಆದಳು. ಅದನ್ನು ಓದಿದ ಯಾರೂ ಹೆಸರು ಬದಲಾಯಿತು ಅಂತ ಜಗಳ ತೆಗೆಯುವುದಿಲ್ಲ, ಅಲ್ವಾ? ಬದಲಾವಣೆ ನನಗೂ ತೊಂದರೆಯಲ್ಲ.

ಹಾಗಾದರೆ ಅಳೆಯುವುದು ಹೇಗೆ? ಇದಕ್ಕೆ ಕ್ಯಾರಲ್ ಅವರೇ ದಾರಿ ತೋರಿಸಿದ್ದಾರೆ. ಆ ನಾಟಕ ಬಂದ ಮೇಲೆ, 1887ರಲ್ಲಿ, ರಂಗದ ಮೇಲಿನ ಆಲಿಸ್ ಬಗ್ಗೆ ಅವರು ಒಂದು ಲೇಖನ ಬರೆದರು. ತನ್ನ ಕನಸಿನ ಆಲಿಸ್ ಎಂಥವಳು ಅಂತ ಅದರಲ್ಲಿ ಹೇಳಿದ್ದಾರೆ. ಅವಳು ಪ್ರೀತಿಯವಳು, ಮೃದು. ಎಲ್ಲರ ಜೊತೆ ಮರ್ಯಾದೆಯಿಂದ ನಡೆಯುವವಳು, ಎದುರಿಗಿರುವುದು ರಾಜನಾದರೂ ಅಷ್ಟೇ, ಕಂಬಳಿಹುಳವಾದರೂ ಅಷ್ಟೇ. ಎಂಥಾ ಅಸಾಧ್ಯವನ್ನೂ ಮಗುವಿನ ಹಾಗೆ ನಂಬುವವಳು. ಕೊನೆಯದಾಗಿ, ವಿಪರೀತ ಕುತೂಹಲದವಳು. ಅದೇ ಲೇಖನದಲ್ಲಿ ಇಸ್ಪೀಟಿನ ಆಟಿನ್ ರಾಣಿಯನ್ನು ಗೊತ್ತುಗುರಿಯಿಲ್ಲದ ಕುರುಡು ಸಿಟ್ಟು ಅಂತಲೂ, ಎರಡನೆಯ ಪುಸ್ತಕದ ಕೆಂಪು ರಾಣಿಯನ್ನು ತಣ್ಣಗಿನ ಶಿಸ್ತಿನ ಸಿಟ್ಟು ಅಂತಲೂ ಬೇರೆ ಮಾಡಿದ್ದಾರೆ. ಇಬ್ಬರೂ ಒಂದೇ ಅಂದುಕೊಂಡವರು ಎಷ್ಟೋ ಜನ.

ಈ ಪಟ್ಟಿ ನನಗೆ ತುಂಬಾ ಇಷ್ಟ. ಇದರಲ್ಲಿ ಧೈರ್ಯ ಅನ್ನುವ ಮಾತಿಲ್ಲ, ಗೆಲುವು ಅನ್ನುವುದಂತೂ ಇಲ್ಲವೇ ಇಲ್ಲ. ಮರ್ಯಾದೆ ಇದೆ, ಕುತೂಹಲ ಇದೆ.

ಹಾಗಾಗಿ ಯಾವುದೇ ಆಲಿಸ್ ಸಿನಿಮಾ ಸಿಕ್ಕರೂ ನಾನು ಮೊದಲು ಚಹಾಕೂಟದ ದೃಶ್ಯಕ್ಕೆ ಹೋಗುತ್ತೇನೆ. ಪುಸ್ತಕದಲ್ಲಿ ಅದು ಹೀಗಿದೆ. ಮರದ ಕೆಳಗೆ ಒಂದು ದೊಡ್ಡ ಮೇಜು. ಅಷ್ಟು ದೊಡ್ಡ ಮೇಜಿನ ಒಂದು ಮೂಲೆಯಲ್ಲಿ ಟೋಪಿಯವ, ಮಾರ್ಚ್ ಮೊಲ, ನಡುವೆ ನಿದ್ದೆ ಹೊಡೆಯುವ ಡಾರ್‌ಮೌಸ್ ಇಲಿ, ಮೂವರೂ ಒತ್ತಿಕೊಂಡು ಕೂತಿದ್ದಾರೆ. ಆಲಿಸ್ ಬರುವುದನ್ನು ಕಂಡದ್ದೇ "ಜಾಗ ಇಲ್ಲ! ಜಾಗ ಇಲ್ಲ!" ಅಂತ ಕೂಗುತ್ತಾರೆ. "ಬೇಕಾದಷ್ಟು ಜಾಗ ಇದೆ" ಅಂತ ಸಿಟ್ಟಿನಿಂದ ಹೇಳಿ ಆಲಿಸ್ ತುದಿಯಲ್ಲಿದ್ದ ದೊಡ್ಡ ಕುರ್ಚಿಯಲ್ಲಿ ಕೂರುತ್ತಾಳೆ. ವೈನ್ ತಗೋ ಅಂತ ಮೊಲ ಉಪಚಾರ ಮಾಡುತ್ತದೆ. ಮೇಜಿನ ಮೇಲೆ ಚಹಾ ಬಿಟ್ಟು ಏನೂ ಕಾಣುವುದಿಲ್ಲ. ವೈನ್ ಎಲ್ಲಿದೆ ಅಂದರೆ, ಇಲ್ಲ ಅನ್ನುತ್ತದೆ. ಇಲ್ಲದ್ದನ್ನು ತಗೋ ಅನ್ನುವುದು ಮರ್ಯಾದೆಯಲ್ಲ ಅಂತ ಇವಳು. ಕರೆಯದೆ ಬಂದು ಕೂರುವುದೂ ಮರ್ಯಾದೆಯಲ್ಲ ಅಂತ ಅದು.

ಎಷ್ಟು ಚಿಕ್ಕ ಜಗಳ, ಎಷ್ಟು ತುಂಬಿದೆ ನೋಡಿ! ಅವಳು ಹೆದರಿಲ್ಲ, ನಕ್ಕಿಲ್ಲ, ಓಡಿಯೂ ಹೋಗಿಲ್ಲ. ದೊಡ್ಡವರು ಕಲಿಸಿದ ನಡವಳಿಕೆಯ ಪಾಠವನ್ನೇ ಹಿಡಿದುಕೊಂಡು, ಆ ಪಾಠಕ್ಕೆ ಬೆಲೆಯೇ ಇಲ್ಲದ ಕಡೆ ನ್ಯಾಯ ಕೇಳುತ್ತಿದ್ದಾಳೆ. ಸ್ವಲ್ಪ ಮುಂದೆ, ಇನ್ನೂ ಸ್ವಲ್ಪ ಚಹಾ ತಗೋ ಅಂತ ಮೊಲ ಹೇಳುತ್ತದೆ. ನಾನಿನ್ನೂ ಏನೂ ತಗೊಂಡೇ ಇಲ್ಲ, ಇನ್ನೂ ಸ್ವಲ್ಪ ಹೇಗೆ ತಗೊಳ್ಳಲಿ ಅನ್ನುತ್ತಾಳೆ ಆಲಿಸ್. ಟೋಪಿಯವ ತಿದ್ದುತ್ತಾನೆ: ಇನ್ನೂ ಕಡಿಮೆ ತಗೊಳ್ಳಲಾರೆ ಅನ್ನಬೇಕು, ಏನೂ ಇಲ್ಲದ್ದಕ್ಕಿಂತ ಜಾಸ್ತಿ ತಗೊಳ್ಳುವುದು ಬಲು ಸುಲಭ!

ನನ್ನ ಅಕ್ಕನ ಮಗಳಿಗೆ ಆರು ವರ್ಷವಿದ್ದಾಗ ಈ ಅಧ್ಯಾಯ ಓದಿ ಹೇಳಿದ್ದೆ. ಈ ಸಾಲು ಬಂದಾಗ ಅವಳು ಕೈ ಅಡ್ಡ ಇಟ್ಟು ನಿಲ್ಲಿಸಿದಳು. ಇನ್ನೊಂದು ಸಲ ಓದಿಸಿದಳು. ಮಾರನೆ ದಿನ ಅವಳ ಅಮ್ಮ "ಇನ್ನೂ ಸ್ವಲ್ಪ ಹಾಲು ಕುಡಿ ಪುಟ್ಟಾ" ಅಂದಾಗ, "ನಾನಿನ್ನೂ ಕುಡಿದೇ ಇಲ್ಲ, ಇನ್ನೂ ಸ್ವಲ್ಪ ಹೇಗಮ್ಮಾ ಕುಡೀಲಿ?" ಅಂತ ಗಂಭೀರವಾಗಿ ಕೇಳಿದಳು. ವಾರವಿಡೀ ಅದೇ. ಮಕ್ಕಳಿಗೆ ಈ ಪುಸ್ತಕ ಹಿಡಿಸುವುದು ಬಣ್ಣಕ್ಕೋ ವಿಚಿತ್ರ ಪ್ರಾಣಿಗಳಿಗೋ ಅಂತ ದೊಡ್ಡವರು ಅಂದುಕೊಳ್ಳುತ್ತಾರೆ. ಅಲ್ಲ. ದೊಡ್ಡವರ ಮಾತಿನಲ್ಲಿ ಸಿಕ್ಕಿಬಿದ್ದ ಮಗು ಅದೇ ಮಾತು ಹಿಡಿದು ತಿರುಗಿ ಕೇಳುತ್ತದಲ್ಲ, ಅದಕ್ಕೆ.

ಈಗ ಸಿನಿಮಾಗಳಿಗೆ ಬರೋಣ.

1951ರ ಡಿಸ್ನಿ ಕಾರ್ಟೂನನ್ನು ನಾನು ಪ್ರೀತಿಸುತ್ತೇನೆ, ಮೊದಲೇ ಹೇಳಿಬಿಡುತ್ತೇನೆ. 75 ನಿಮಿಷದ ಚಿತ್ರ. ಎರಡು ಪುಸ್ತಕ ಸೇರಿಸಿ ಕಲಸಿದ್ದಾರೆ. ಮೊದಲ ಪುಸ್ತಕದ ಹುಸಿ ಆಮೆ ಎಂಬ ಪ್ರಾಣಿ ಇಲ್ಲ, ಡಚೆಸ್ ಇಲ್ಲ. ಮಾತಾಡುವ ಹೂಗಳು, ವಾಲ್ರಸ್ಸು, ಟ್ವೀಡಲ್‌ಡಂ ಟ್ವೀಡಲ್‌ಡೀ ಎರಡನೆಯ ಪುಸ್ತಕದಿಂದ ಬಂದವರು. ಬಾಗಿಲ ಹಿಡಿಕೆ ಮಾತಾಡುತ್ತದಲ್ಲ, ಅದು ಮಾತ್ರ ಯಾವ ಪುಸ್ತಕದಲ್ಲೂ ಇಲ್ಲ. ಬಂದ ಕಾಲಕ್ಕೆ ಚಿತ್ರ ಸೋತಿತು. ಬ್ರಿಟನ್ನಿನಲ್ಲಿ ಪುಸ್ತಕ ಹಾಳು ಮಾಡಿದರು ಅಂತ ಬೈದರು. ಆದರೂ ಅದರ ಚಹಾಕೂಟದಲ್ಲಿ ಒಂದು ಕ್ಷಣ ಬರುತ್ತದೆ. ಅರ್ಧ ಕಪ್ ಚಹಾ ಬೇಕು ಅಂದಾಗ, ಕಪ್ಪನ್ನೇ ಮೇಲಿಂದ ಕೆಳಕ್ಕೆ ಎರಡು ಹೋಳು ಮಾಡಿ ಆ ಅರ್ಧ ಕಪ್ಪಿಗೆ ಚಹಾ ಹುಯ್ಯುತ್ತಾರೆ. ಇದು ಪುಸ್ತಕದಲ್ಲಿಲ್ಲ. ಆದರೆ ಕ್ಯಾರಲ್ ಯೋಚಿಸುವ ರೀತಿಯೇ ಅದು! ಮಾತನ್ನು ಅಕ್ಷರಶಃ ಹಿಡಿದರೆ ಏನಾಗುತ್ತದೆ ಅಂತ ಅವರು ಮಾತಿನಲ್ಲಿ ಮಾಡಿದ್ದನ್ನು ಇವರು ಗೆರೆಯಲ್ಲಿ ಮಾಡಿದರು. ಸಿನಿಮಾ ಮಾಡುವುದು ಅಂದರೆ ಇದೇ ಅಲ್ವಾ? ಇಡೀ ಕೂಟದಲ್ಲಿ ಆಲಿಸ್‌ಗೆ ಒಂದು ಗುಟುಕು ಚಹಾ ಸಿಗುವುದಿಲ್ಲ. ಆಲಿಸ್‌ಗೆ ದನಿ ಕೊಟ್ಟ ಕ್ಯಾಥರಿನ್ ಬೋಮಾಂಟ್ ಎಂಬ ಹುಡುಗಿಯನ್ನು ಕೇಳಿ. ಸಿಟ್ಟು ಬಂದಾಗಲೂ ಥ್ಯಾಂಕ್ಯೂ, ಪ್ಲೀಸ್ ಬಿಡುವುದಿಲ್ಲ ಅವಳು. ಕ್ಯಾರಲ್ ಬಯಸಿದ ಮರ್ಯಾದೆ ಪೂರ್ತಿ ಅಲ್ಲಿದೆ.

ಅದು ತಪ್ಪಿದ್ದು ಎಲ್ಲಿ ಅಂದರೆ ಕೊನೆಯ ಭಾಗದಲ್ಲಿ. ಆಲಿಸ್ ತನಗೆ ತಾನೇ ಒಳ್ಳೊಳ್ಳೆ ಬುದ್ಧಿಮಾತು ಹೇಳಿಕೊಳ್ಳುತ್ತಿದ್ದಳು, ಪಾಲಿಸುತ್ತಿದ್ದುದು ಅಪರೂಪ ಅಂತ ಪುಸ್ತಕದಲ್ಲಿ ಒಂದು ಮಾತು ಬರುತ್ತದೆ, ಬ್ರ್ಯಾಕೆಟ್ಟಿನಲ್ಲಿ, ನಗುತ್ತಾ ಹೇಳಿದ ಹಾಗೆ. ಡಿಸ್ನಿಯವರು ಅದನ್ನು ಅಳುವ ಹಾಡು ಮಾಡಿದ್ದಾರೆ. ಕತ್ತಲ ಕಾಡಿನಲ್ಲಿ ಕೂತು, ಮನೆಗೆ ಹೋಗಬೇಕು ಅಂತ ಅವಳು ಬಿಕ್ಕುತ್ತಾಳೆ. ಪುಸ್ತಕದ ಹುಡುಗಿ ಹಾಗಲ್ಲ. ಮೊಲದ ಮನೆಯೊಳಗೆ ಮೈ ಬೆಳೆದು ಸಿಕ್ಕಿಹಾಕಿಕೊಂಡಾಗ, ಮನೆಯಲ್ಲೇ ಚೆನ್ನಾಗಿತ್ತು, ಆ ಬಿಲಕ್ಕೆ ಇಳಿಯಬಾರದಿತ್ತು ಅನಿಸುತ್ತದೆ ಅವಳಿಗೆ. ಮರುಕ್ಷಣವೇ, ಆದರೂ, ಆದರೂ ಇಂಥ ಬದುಕು ವಿಚಿತ್ರವಾಗಿದೆ, ಮುಂದೆ ಏನಾಗಬಹುದು ಅನ್ನುತ್ತಾಳೆ. ಆ ‘ಆದರೂ’ ಎರಡು ಸಲ ಬರುತ್ತದೆ. ನನಗೆ ಆಲಿಸ್ ಅಂದರೆ ಆ ಎರಡು ‘ಆದರೂ’ಗಳೇ. ಅವಳಿಗೆ ಬೇಕಾಗಿದ್ದು ಮನೆಯಲ್ಲ. ಹದಿನೈದು ಇಂಚಿನ ಪುಟಾಣಿ ಬಾಗಿಲ ಆಚೆ ಕಂಡ ತೋಟ.

ಇನ್ನು 2010ರ ಟಿಮ್ ಬರ್ಟನ್ ಚಿತ್ರ. ಈಗ ‘ಆಲಿಸ್’ ಅಂದರೆ ಜಾಸ್ತಿ ಜನಕ್ಕೆ ನೆನಪಾಗುವುದು ಇದೇ. ನೂರು ಕೋಟಿ ಡಾಲರಿಗಿಂತ ಹೆಚ್ಚು ಗಳಿಸಿದ ಸಿನಿಮಾ, ಕಲಾ ನಿರ್ದೇಶನಕ್ಕೂ ವಸ್ತ್ರವಿನ್ಯಾಸಕ್ಕೂ ಆಸ್ಕರ್ ಪಡೆದದ್ದು. ನೋಡಲು ಚೆಂದ, ಅದರಲ್ಲಿ ಎರಡು ಮಾತಿಲ್ಲ. ಹೆಲೆನಾ ಬೊನಮ್ ಕಾರ್ಟರ್ ಅವರ ದೊಡ್ಡ ತಲೆಯ ರಾಣಿಯನ್ನು ನೋಡಿ ನಾನೂ ಖುಷಿಪಟ್ಟಿದ್ದೇನೆ. ಆದರೆ ಅವಳ ಹೆಸರು ಕೆಂಪು ರಾಣಿ, ಕೂಗುವುದು ಆಟಿನ್ ರಾಣಿಯ ಹಾಗೆ ‘ತಲೆ ಕಡಿಯಿರಿ’ ಅಂತ. ಕ್ಯಾರಲ್ ಬೇರೆ ಬೇರೆ ಇಟ್ಟ ಎರಡು ಸಿಟ್ಟುಗಳು ಇಲ್ಲಿ ಒಂದಾದವು.

ಅದು ಸಣ್ಣ ವಿಷಯ. ಇಲ್ಲಿ ಆಲಿಸ್‌ಗೆ ಹತ್ತೊಂಬತ್ತು ವರ್ಷ ಅನ್ನುವುದಕ್ಕೂ ನನ್ನ ತಕರಾರಿಲ್ಲ. ದೊಡ್ಡವಳಾದ ಆಲಿಸ್ ಮತ್ತೆ ಅಲ್ಲಿಗೆ ಹೋದರೆ ಏನಾಗುತ್ತದೆ ಅನ್ನುವುದು ಒಳ್ಳೆಯ ಪ್ರಶ್ನೆಯೇ. ನನಗೆ ನೋವಾಗುವುದು ಬೇರೆ ಕಡೆ. ಈ ಸಿನಿಮಾದಲ್ಲಿ ಎಲ್ಲರೂ ಅವಳಿಗಾಗಿ ಕಾಯುತ್ತಿದ್ದಾರೆ. ಒಂದು ಸುರುಳಿಯಲ್ಲಿ ಭವಿಷ್ಯ ಬರೆದಿದೆ, ಅದರಲ್ಲಿ ಅವಳ ಚಿತ್ರವಿದೆ. ಅವಳು ಬಂದು ಜಬ್ಬರ್‌ವಾಕಿ ಎಂಬ ರಾಕ್ಷಸನನ್ನು ಕೊಲ್ಲಬೇಕು. ಬಂದವಳು ಸರಿಯಾದ ಆಲಿಸ್ ಹೌದೋ ಅಲ್ಲವೋ ಅಂತ ಎಲ್ಲರೂ ಚರ್ಚೆ ಮಾಡುತ್ತಾರೆ. ಕೊನೆಗೆ ಅವಳು ಉಕ್ಕಿನ ಕವಚ ತೊಟ್ಟು ಕತ್ತಿ ಹಿಡಿದು ಹೋರಾಡುತ್ತಾಳೆ.

ಪುಸ್ತಕದಲ್ಲಿ ಅವಳನ್ನು ಯಾರೂ ಕಾಯುತ್ತಿರಲಿಲ್ಲ. ಬಿಳಿ ಮೊಲ ಅವಳನ್ನು ತನ್ನ ಮನೆಕೆಲಸದ ಮೇರಿ ಆನ್ ಅಂದುಕೊಂಡು, ಕೈಗವಸು ತಗೊಂಡು ಬಾ ಅಂತ ಗದರುತ್ತದೆ. ಕುತ್ತಿಗೆ ಉದ್ದವಾದಾಗ ಪಾರಿವಾಳ ಅವಳನ್ನು ಹಾವು ಅನ್ನುತ್ತದೆ. ಕಂಬಳಿಹುಳ ‘ಯಾರು ನೀನು?’ ಅಂತ ಕೇಳುತ್ತದೆ. ಮೇಜಿನವರು ಜಾಗ ಇಲ್ಲ ಅಂದರು. ಆ ಲೋಕಕ್ಕೆ ಅವಳು ಬಂದರೂ ಅಷ್ಟೇ, ಬಿಟ್ಟರೂ ಅಷ್ಟೇ. ಮಗುವಿಗೆ ದೊಡ್ಡವರ ಪ್ರಪಂಚ ಕಾಣುವುದು ಹಾಗೆಯೇ ಅಲ್ವಾ? ನಿಯಮಗಳು ಮೊದಲೇ ಇರುತ್ತವೆ, ಯಾರೂ ವಿವರಿಸುವುದಿಲ್ಲ, ತಪ್ಪಿದರೆ ಎಲ್ಲರೂ ಬೈಯುತ್ತಾರೆ. ನಾನು ಯಾರು ಅನ್ನುವ ಅನುಮಾನ ಪುಸ್ತಕದ ಆಲಿಸ್‌ಗೂ ಬರುತ್ತದೆ. ಅವಳು ಕತ್ತಿ ಹುಡುಕುವುದಿಲ್ಲ. ಮಗ್ಗಿ ಹೇಳಿ ನೋಡುತ್ತಾಳೆ. ನಾಲ್ಕೈದಲೆ ಹನ್ನೆರಡು, ನಾಲ್ಕಾರಲೆ ಹದಿಮೂರು ಅಂತ ತಪ್ಪು ಬರುತ್ತದೆ. ಹಾಗಾದರೆ ನಾನು ಆ ದಡ್ಡಿ ಮೇಬಲ್ ಆಗಿಬಿಟ್ಟೆನಾ ಅಂತ ಕಣ್ಣೀರು ತುಂಬುತ್ತದೆ. ಒಂದು ಮಗು ತಾನು ತಾನೇ ಹೌದೋ ಅಂತ ಮಗ್ಗಿಯಿಂದ ಪರೀಕ್ಷೆ ಮಾಡಿಕೊಳ್ಳುತ್ತದೆ! ಇದನ್ನು ಬಿಟ್ಟು ಕತ್ತಿ ಕೊಟ್ಟರಲ್ಲ ಅಂತ ನನಗೆ ಇವತ್ತಿಗೂ ಬೇಸರ.

ನ್ಯಾಯಕ್ಕೆ ಒಂದು ಮಾತು ಸೇರಿಸಬೇಕು. ಆ ಕಾಳಗದ ಚಿತ್ರ ಬರ್ಟನ್ ಸುಮ್ಮನೆ ಕಟ್ಟಿದ್ದಲ್ಲ. ಎರಡನೆಯ ಪುಸ್ತಕದ ‘ಜಬ್ಬರ್‌ವಾಕಿ’ ಪದ್ಯಕ್ಕೆ ಟೆನಿಯಲ್ ಬರೆದ ಚಿತ್ರದಲ್ಲಿ ಉದ್ದ ಕೂದಲಿನ ಪುಟ್ಟ ಆಕೃತಿಯೊಂದು ರಾಕ್ಷಸನ ಎದುರು ಕತ್ತಿ ಎತ್ತಿ ನಿಂತಿದೆ. ಹಿಂದಿನಿಂದ ನೋಡಿದರೆ ಆಲಿಸ್ ಅನಿಸುತ್ತದೆ. ಆದರೆ ಪದ್ಯದಲ್ಲಿ ಅದು ಒಬ್ಬ ಹುಡುಗ. ಆಲಿಸ್ ಆ ಪದ್ಯವನ್ನು ಓದುತ್ತಾಳೆ ಅಷ್ಟೇ. ಓದಿ, ಚೆನ್ನಾಗಿದೆ, ಆದರೆ ಅರ್ಥವಾಗುವುದು ಸ್ವಲ್ಪ ಕಷ್ಟ ಅನ್ನುತ್ತಾಳೆ.

1933ರ ಪ್ಯಾರಮೌಂಟ್ ಚಿತ್ರದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಕ್ಯಾರಿ ಗ್ರಾಂಟ್, ಗ್ಯಾರಿ ಕೂಪರ್, ಡಬ್ಲ್ಯೂ. ಸಿ. ಫೀಲ್ಡ್ಸ್ ಅಂಥ ನಟರನ್ನೆಲ್ಲ ಗುಡ್ಡೆ ಹಾಕಿದರು. ಟೆನಿಯಲ್ ಚಿತ್ರದ ಹಾಗೇ ಕಾಣಲಿ ಅಂತ ದಪ್ಪ ಮುಖವಾಡ ಹಾಕಿದರು. ಹುಸಿ ಆಮೆಯ ಒಳಗೆ ಕ್ಯಾರಿ ಗ್ರಾಂಟ್ ಇದ್ದಾರೆ ಅಂತ ಯಾರಾದರೂ ಹೇಳಿದರೇ ಗೊತ್ತಾಗುವುದು. ಚಿತ್ರಕ್ಕೆ ನಿಷ್ಠೆ ಅಂದರೆ ಪುಸ್ತಕಕ್ಕೆ ನಿಷ್ಠೆ ಅಂದುಕೊಂಡರೆ ಹೀಗಾಗುತ್ತದೆ. ಮುಖವೇ ಅಲುಗಾಡದಿದ್ದರೆ ವಾದ ಮಾಡುವುದು ಹೇಗೆ?

ಇದಕ್ಕೆ ಪೂರ್ತಿ ವಿರುದ್ಧ ದಾರಿ ಹಿಡಿದದ್ದು ಜೊನಾಥನ್ ಮಿಲ್ಲರ್. 1966ರ ಕ್ರಿಸ್ಮಸ್ ಸಮಯದಲ್ಲಿ ಬಿಬಿಸಿ ಟಿವಿಗೆ ಮಾಡಿದ ಕಪ್ಪು ಬಿಳುಪು ಚಿತ್ರ ಅದು. ಪ್ರಾಣಿಗಳ ತಲೆಗಳನ್ನೆಲ್ಲ ತೆಗೆದುಹಾಕಿದರು. ಬಿಳಿ ಮೊಲ, ಕಂಬಳಿಹುಳ, ಹುಸಿ ಆಮೆ ಎಲ್ಲರೂ ಕರಿ ಕೋಟಿನ ವಿಕ್ಟೋರಿಯಾ ಕಾಲದ ದೊಡ್ಡ ಮನುಷ್ಯರು. ಗೊಣಗುತ್ತಾರೆ, ತೂಕಡಿಸುತ್ತಾರೆ, ಅರ್ಧ ಮಾತಾಡಿ ಮರೆಯುತ್ತಾರೆ. ಜಾನ್ ಗೀಲ್‌ಗುಡ್ ಹುಸಿ ಆಮೆ, ಪೀಟರ್ ಸೆಲ್ಲರ್ಸ್ ರಾಜ. ಸಂಗೀತ ರವಿಶಂಕರ್ ಅವರದು. ಆ ಸಿತಾರಿನ ನಾದ ಹುಲ್ಲುಗಾವಲಿನ ಮೇಲೆ ಹರಿದಾಗ ಸೆಖೆಯ ಮಧ್ಯಾಹ್ನದ ಜೊಂಪು ಮೈಗೆ ಹತ್ತುತ್ತದೆ. ನೋಡಿದ ಮೇಲೆ ನನಗೆ ಥಟ್ಟಂತ ಹೊಳೆಯಿತು. ಆ ಪ್ರಾಣಿಗಳೆಲ್ಲ ದೋಣಿಯಲ್ಲಿ ಕೂತಿದ್ದ ಆ ಹುಡುಗಿಯರು ದಿನಾ ನೋಡುತ್ತಿದ್ದ ಪ್ರೊಫೆಸರುಗಳು, ಪಾದ್ರಿಗಳು! ಪುಸ್ತಕ ಎಷ್ಟೋ ಸಲ ಓದಿದ್ದರೂ ಅಷ್ಟು ಸ್ಪಷ್ಟವಾಗಿ ಕಂಡಿರಲಿಲ್ಲ. ಓದಿದ ಪುಸ್ತಕವನ್ನೇ ಹೊಸದಾಗಿ ಕಾಣಿಸಿಕೊಟ್ಟ ಸಿನಿಮಾಕ್ಕೆ ನಾನು ಋಣಿ. ಆದರೆ ಅದರ ಆಲಿಸ್ ಯಾರ ಮುಖವನ್ನೂ ನೋಡುವುದಿಲ್ಲ, ಅವಳಿಗೆ ಏನೂ ಬೇಡ. ಕುತೂಹಲ ಇಲ್ಲ. ಚಿಕ್ಕ ಮಕ್ಕಳು ಹತ್ತು ನಿಮಿಷವೂ ಕೂರುವುದಿಲ್ಲ.

ಇನ್ನೊಂದು 1988ರದ್ದು, ಚೆಕ್ ನಿರ್ದೇಶಕ ಯಾನ್ ಶ್ವಾಂಕ್‌ಮಾಯರ್ ಅವರದು. ಬೊಂಬೆಗಳನ್ನು ಒಂದೊಂದೇ ಫ್ರೇಮಿಗೆ ಸರಿಸಿ ತೆಗೆದ ಸಿನಿಮಾ, ನಡುವೆ ಒಬ್ಬಳೇ ನಿಜವಾದ ಹುಡುಗಿ. ಇಲ್ಲಿ ಬಿಳಿ ಮೊಲ ಗಾಜಿನ ಪೆಟ್ಟಿಗೆಯಲ್ಲಿ ಮೊಳೆ ಹೊಡೆದು ನಿಲ್ಲಿಸಿದ್ದ, ಹೊಟ್ಟು ತುಂಬಿದ ಸತ್ತ ಮೊಲ. ಅದು ಮೊಳೆ ಕಿತ್ತುಕೊಂಡು ಏಳುತ್ತದೆ. ಎದೆಯ ಹೊಲಿಗೆ ಬಿಚ್ಚಿ ಮರದ ಹೊಟ್ಟು ಸುರಿಯುತ್ತದೆ. ಆ ಹೊಟ್ಟಿನೊಳಗೆ ಕೈ ಹಾಕಿ ಗಡಿಯಾರ ತೆಗೆದು, ನೆಕ್ಕಿ ಒರೆಸಿ, ಗಂಟೆ ನೋಡುತ್ತದೆ! ಕಂಬಳಿಹುಳ ಅಂದರೆ ಒಂದು ಕಾಲುಚೀಲ, ಅದಕ್ಕೆ ಗಾಜಿನ ಕಣ್ಣು, ಕಟ್ಟಿಸಿದ ಹಲ್ಲುಸೆಟ್ಟು. ಮಗುವಿನ ಕೋಣೆಯಲ್ಲಿ, ಮನೆಯ ಮೂಲೆಗಳಲ್ಲಿ ಬಿದ್ದಿರುವ ವಸ್ತುಗಳೇ ಎದ್ದು ಬಂದಿವೆ. ಕನಸು ಕಟ್ಟುವುದು ಹಾಗೆಯೇ ತಾನೇ? ಆಗಾಗ ಹುಡುಗಿಯ ತುಟಿಗಳಷ್ಟೇ ತೆರೆ ತುಂಬಾ ಬಂದು ‘ಅಂತ ಬಿಳಿ ಮೊಲ ಹೇಳಿತು’ ಎಂದು ಹೇಳಿ ಹೋಗುತ್ತವೆ. ಎಲ್ಲರ ದನಿಯೂ ಅವಳದೇ. ಇದು ಒಬ್ಬ ಹುಡುಗಿ ತನಗೆ ತಾನೇ ಹೇಳಿಕೊಳ್ಳುತ್ತಿರುವ ಕಥೆ ಅನ್ನುವುದನ್ನು ಇಷ್ಟು ಸರಳವಾಗಿ ತೋರಿಸಿದ ಇನ್ನೊಂದು ಸಿನಿಮಾ ನಾನು ನೋಡಿಲ್ಲ. ಕ್ಯಾರಲ್ ಪಟ್ಟಿಯ ಪ್ರೀತಿ, ಮೃದುತನ ಇವಳಲ್ಲಿ ಕಡಿಮೆ. ಗಟ್ಟಿ ಹುಡುಗಿ. ಆದರೆ ಕುತೂಹಲ ಎಷ್ಟಿದೆ ಅಂದರೆ ಕಂಡ ಡ್ರಾಯರನ್ನೆಲ್ಲ ಎಳೆದು ನೋಡುತ್ತಾಳೆ, ಹಿಡಿ ಕಿತ್ತು ಕೈಗೆ ಬಂದರೂ ಬಿಡುವುದಿಲ್ಲ. ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಇದು. ಪುಟ್ಟ ಮಕ್ಕಳಿಗೆ ಮಾತ್ರ ತೋರಿಸಬೇಡಿ, ನಿಜವಾಗಿ ಹೆದರುತ್ತವೆ.

ಯಾವ ಸಿನಿಮಾಕ್ಕೂ ದಕ್ಕದ ಭಾಗಗಳೂ ಇವೆ, ಅದಕ್ಕೆ ಯಾರನ್ನೂ ದೂರಬಾರದು. ಹುಸಿ ಆಮೆಯನ್ನೇ ತಗೊಳ್ಳಿ. ಆಗ ಇಂಗ್ಲೆಂಡಿನಲ್ಲಿ ದುಬಾರಿ ಆಮೆ ಸೂಪಿನ ಬದಲಿಗೆ ಕರುವಿನ ತಲೆ ಹಾಕಿ ‘ಹುಸಿ ಆಮೆ ಸೂಪು’ ಮಾಡುತ್ತಿದ್ದರು. ಹಾಗಾದರೆ ಹುಸಿ ಆಮೆ ಅನ್ನುವ ಪ್ರಾಣಿಯೇ ಇರಬೇಕಲ್ಲ ಅಂತ ಕ್ಯಾರಲ್ ತಮಾಷೆ ಕಟ್ಟಿದರು, ಟೆನಿಯಲ್ ಅದಕ್ಕೆ ಕರುವಿನ ತಲೆ ಬರೆದರು. ಇವತ್ತಿನ ಮಗುವಿಗೆ ಅದು ಬರೀ ಅಳುವ ವಿಚಿತ್ರ ಪ್ರಾಣಿ. ಪುಸ್ತಕದ ಪದ್ಯಗಳೂ ಹಾಗೆಯೇ, ಆ ಕಾಲದ ಮಕ್ಕಳು ಬಾಯಿಪಾಠ ಮಾಡುತ್ತಿದ್ದ ನೀತಿಪದ್ಯಗಳ ಅಣಕ. ಮೂಲ ಗೊತ್ತಿಲ್ಲದಿದ್ದರೆ ಅರ್ಧ ನಗು ಹೋಯಿತು.

ಆದರೆ ಸಿನಿಮಾಕ್ಕೆ ಮಾತ್ರ ಬರುವ ಕೆಲಸವೂ ಇದೆ. 1903ರಲ್ಲೇ ಸೆಸಿಲ್ ಹೆಪ್‌ವರ್ತ್, ಪರ್ಸಿ ಸ್ಟೋ ಸೇರಿ ಮೊದಲ ಆಲಿಸ್ ಸಿನಿಮಾ ತೆಗೆದರು. ಮೂಕಿ ಚಿತ್ರ, ಹನ್ನೆರಡು ನಿಮಿಷದಷ್ಟು. ಆಗಿನ ಬ್ರಿಟನ್ನಿನಲ್ಲಿ ಅಷ್ಟು ಉದ್ದದ ಚಿತ್ರ ಬೇರೆ ಬಂದಿರಲಿಲ್ಲ. ಈಗ ಸವೆದು ಒಂಬತ್ತು ನಿಮಿಷದ ಹತ್ತಿರ ಉಳಿದಿದೆ. ಚುಕ್ಕೆ, ಗೀರು, ಕಲೆ ತುಂಬಿದೆ. ಚೆಷೈರ್ ಬೆಕ್ಕಿನ ಪಾತ್ರಕ್ಕೆ ಹೆಪ್‌ವರ್ತ್ ಮನೆಯ ಬೆಕ್ಕನ್ನೇ ಹಾಕಿದ್ದಾರೆ. ಪೊದೆಯ ನಡುವೆ ಒಂದು ನಿಜವಾದ ಬೆಕ್ಕಿನ ಮುಖ, ನಗುವುದೂ ಇಲ್ಲ ಏನೂ ಇಲ್ಲ, ಬೆಕ್ಕು ನೋಡುವ ಹಾಗೆ ನೋಡುತ್ತದೆ. ಆಲಿಸ್ ಕುಗ್ಗುವುದು, ಬೆಳೆಯುವುದು ಕ್ಯಾಮೆರಾ ಕೈಚಳಕದಿಂದ ಆಗುತ್ತದೆ. ಕೊನೆಯಲ್ಲಿ ಇಸ್ಪೀಟೆಲೆಗಳ ವೇಷ ತೊಟ್ಟ ಮಕ್ಕಳ ಮೆರವಣಿಗೆ ಬರುತ್ತದೆ, ಗುಂಪಾಗಿ, ಖುಷಿಯಾಗಿ. ನನಗೆ ಅದನ್ನು ನೋಡಿದಾಗಲೆಲ್ಲ ಆ ಮಕ್ಕಳು ಅವತ್ತು ಎಷ್ಟು ಸಂತೋಷಪಟ್ಟಿರಬೇಕು ಅನಿಸುತ್ತದೆ.

ಹಾಗಾದರೆ ಕೊನೆಗೆ ಯಾವುದು ನೋಡಲಿ ಅಂತ ಕೇಳಿದಿರಲ್ಲ. ಮಗುವಿಗಾದರೆ 1951ರದ್ದು, ಅದೂ ಚಹಾಕೂಟದ ಅಧ್ಯಾಯ ಒಂದನ್ನಾದರೂ ಗಟ್ಟಿಯಾಗಿ ಓದಿ ಹೇಳಿದ ಮೇಲೆ. ಆಮೇಲೆ 1903ರದ್ದನ್ನು ಒಟ್ಟಿಗೆ ಕೂತು ನೋಡಿ, ಅದು ಒಂದು ಲೋಟ ಹಾಲು ಕುಡಿಯುವಷ್ಟರಲ್ಲಿ ಮುಗಿಯುತ್ತದೆ. ಹದಿಹರೆಯದವರಿಗೆ, ದೊಡ್ಡವರಿಗೆ ಶ್ವಾಂಕ್‌ಮಾಯರ್. ಪುಸ್ತಕ ಚೆನ್ನಾಗಿ ಗೊತ್ತಿದ್ದವರಿಗೆ ಮಿಲ್ಲರ್. ಬರ್ಟನ್ ಚಿತ್ರವನ್ನು ಖಂಡಿತ ನೋಡಿ, ಆದರೆ ಅದೇ ಮೊದಲಾಗದಿರಲಿ.

ಮುಂದೆಯೂ ಆಲಿಸ್ ಸಿನಿಮಾಗಳು ಬರುತ್ತವೆ. ಬಂದಾಗ ನಾನು ನೋಡುವುದು ಚಹಾಕೂಟ ಒಂದೇ ಅಲ್ಲ, ಇನ್ನೊಂದು ಪುಟ್ಟ ವಿಷಯವೂ ಇದೆ. ಬಿಲದೊಳಗೆ ಬೀಳುತ್ತಾ ಬೀಳುತ್ತಾ ಆಲಿಸ್ ಪಕ್ಕದ ಕಪಾಟಿನಿಂದ ಒಂದು ಜಾಡಿ ಎತ್ತಿಕೊಳ್ಳುತ್ತಾಳೆ. ಮೇಲೆ ಕಿತ್ತಳೆ ಮಾರ್ಮಲೇಡ್ ಅಂತ ಬರೆದಿದೆ. ಒಳಗೆ ನೋಡಿದರೆ ಖಾಲಿ. ಕೈಬಿಟ್ಟರೆ ಕೆಳಗೆ ಯಾರಿಗಾದರೂ ಬಡಿದು ಸತ್ತ್ಹೋದಾರು ಅಂತ ಅವಳಿಗೆ ಭಯ. ಹಾಗಾಗಿ ಅದನ್ನು ಹಿಡಿದುಕೊಂಡೇ ಬೀಳುತ್ತಾಳೆ. ಇನ್ನೊಂದು ಕಪಾಟು ಹತ್ತಿರ ಬಂದಾಗ, ಬೀಳುತ್ತಲೇ, ಅದರೊಳಗೆ ಇಟ್ಟುಬಿಡುತ್ತಾಳೆ. ಶ್ವಾಂಕ್‌ಮಾಯರ್ ಚಿತ್ರದಲ್ಲಿ ಅವಳು ಲಿಫ್ಟಿನಲ್ಲಿ ಇಳಿಯುವಾಗ ಜಾಡಿಗಳ ಸಾಲು ಸಾಲು ಕಪಾಟುಗಳು ಮೇಲಕ್ಕೆ ಹೋಗುತ್ತವೆ. ಹೊಸ ಸಿನಿಮಾ ಹಾಕಿದ ಕೂಡಲೇ ನಾನು ಹುಡುಕುವುದು ಆ ಜಾಡಿಯನ್ನೇ. ಅವಳು ಅದನ್ನು ವಾಪಸ್ ಇಡುತ್ತಾಳಾ ಅಂತ ಉಸಿರು ಹಿಡಿದು ನೋಡುತ್ತೇನೆ.